ಊರ ಹೆಸರುಗಳಲ್ಲಿ ಅಕ್ಷರಾಭ್ಯಾಸ



ದೊಡ್ಡಬಳ್ಳಾಪುರವನ್ನು ಬಿಟ್ಟು ಹಿಂದೂಪುರದ ಕಡೆಗೆ ಸಾಗುವ ರೈಲಿನಲ್ಲಿ ಕಿಟಕಿಯ ಬಳಿ ಕುಳಿತ ಪ್ರಯಾಣಿಕನು, ಮಾಕಳಿದುರ್ಗದ ಬೆಟ್ಟಗಳ ನಡುವಣ ತಿರುವುಗಳನ್ನು ದಾಟಿ ತೊಂಡೇಬಾವಿಯನ್ನು ಸೇರುವಾಗ, ನಿಲ್ದಾಣದ ಹಲಗೆಯ ಮೇಲಿರುವ ಊರಿನ ಹೆಸರನ್ನು ಓದಿ, ತಾನು ಇಳಿಯಬೇಕಾದ ಸ್ಥಳ ಇದಾದರೆ ಇಳಿಯುತ್ತಾನೆ, ಅಲ್ಲವಾದರೆ ಮತ್ತೆ ಹೊರಗಣ ಹೊಲಗಳ ಕಡೆಗೆ ದೃಷ್ಟಿಯನ್ನು ತಿರುಗಿಸುತ್ತಾನೆ. ಆ ಹೆಸರಿನ ಅಕ್ಷರಗಳು ದಪ್ಪವಾಗಿದ್ದುವೋ ತೆಳುವಾಗಿದ್ದುವೋ, ಅವುಗಳ ನಡುವೆ ಅವಕಾಶವೆಷ್ಟಿತ್ತು, ಕೆಳಗಿನ ಇಂಗ್ಲಿಷ್ ಅಕ್ಷರಗಳ ಎದುರಿನಲ್ಲಿ ಅವು ಕುಗ್ಗಿ ಕಂಡುವೋ ಸರಿಸಮವಾಗಿ ಕಂಡುವೋ ಎಂಬುದಾವುದೂ ಅವನ ಮನಸ್ಸಿನಲ್ಲಿ ಉಳಿಯುವುದಿಲ್ಲ. ಉಳಿಯಬೇಕಾಗಿಯೂ ಇಲ್ಲ. ಆದರೆ ಅಂಥ ಹಲಗೆಯನ್ನು ಬರೆಯುವವನಿಗೆ ಇವೆಲ್ಲವೂ ಪ್ರಶ್ನೆಗಳೇ. ಒಂದೊಂದಕ್ಕೂ ಒಂದೊಂದು ಉತ್ತರವನ್ನು ಅವನು ತನ್ನ ಕುಂಚದಿಂದಲೇ ಕೊಡತಕ್ಕದ್ದು. ಆ ಉತ್ತರಗಳನ್ನು ಮನುಷ್ಯನು ಎಲ್ಲಿ ಕಲಿಯುತ್ತಾನೆ, ಹೇಗೆ ಕಲಿಯುತ್ತಾನೆ ಎಂಬುದು ಈ ಹೊತ್ತಿನ ನನ್ನ ಮಾತಿನ ವಿಷಯ.

ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಆಯ್ದು ಜೋಡಿಸುತ್ತಿದ್ದ ಕಾಲದಲ್ಲಿ ಅಕ್ಷರದ ರೂಪವನ್ನು ಆರಿಸುವ ಭಾರವು ಅಚ್ಚುಕೂಟದವರದಾಗಿತ್ತು. ಆ ಭಾರವಾದರೂ ಬಹಳ ದೊಡ್ಡದಲ್ಲ, ಏಕೆಂದರೆ ಸಣ್ಣ ಊರಿನ ಅಚ್ಚುಕೂಟದಲ್ಲಿ ಕನ್ನಡದ ಮೊಳೆಗಳು ಕೆಲವೇ ಗಾತ್ರಗಳಲ್ಲಿ, ಬಹುಮಟ್ಟಿಗೆ ಒಂದೇ ರೂಪದಲ್ಲಿ ದೊರೆಯುತ್ತಿದ್ದುದರಿಂದ, ಲಗ್ನಪತ್ರಿಕೆಯನ್ನು ಮಾಡಿಸಲು ಬಂದವರು ಇದ್ದುದರಲ್ಲಿ ಒಂದನ್ನು ಒಪ್ಪಿಕೊಂಡು ಮುಂಗಡ ಕೊಟ್ಟು ಹೋಗುತ್ತಿದ್ದರು. ಗಣಕಯಂತ್ರವು ಬಂದ ಮೇಲೆ ಈ ಸ್ಥಿತಿ ಪೂರ್ತಿಯಾಗಿ ಬದಲಾಯಿತು. 'ಬರಹ', 'ನುಡಿ' ಎಂಬ ತಂತ್ರಾಂಶಗಳ ಜೊತೆಯಲ್ಲಿ ಬಂದ ಅಕ್ಷರರೂಪಗಳು, ವಿಂಡೋಸ್‌ನೊಡನೆ ಬಂದ 'ತುಂಗಾ', ಯಾರು ಬೇಕಾದರೂ ಹಣವಿಲ್ಲದೆ ಬಳಸಬಹುದೆಂದು ಗೂಗಲ್ ಸಂಸ್ಥೆಯು ಹೊರತಂದ 'ನೋಟೊ', ದುಂಡಗೆ ದಪ್ಪಗೆ ತುಂಬಿಕೊಂಡಿರುವ 'ಬಾಲೂ ತಮ್ಮ' — ಹೀಗೆ ಫಾಂಟುಗಳೆಂದು ಎಲ್ಲರೂ ಕರೆಯುವ ಈ ರೂಪಗಳು ಇಂದು ಹಳ್ಳಿಯ ಹುಡುಗಿಯ ಕೈಯಲ್ಲಿರುವ ಫೋನಿನವರೆಗೂ ಬಂದು ಸೇರಿವೆ. ಆರಿಸಿಕೊಳ್ಳುವುದಕ್ಕೆ ಸಾಮಗ್ರಿ ಬಂದಿತು. ಆರಿಸುವ ವಿವೇಕವು ಅದರೊಡನೆ ತಾನಾಗಿ ಬರಲಿಲ್ಲ.

ತೊಂಡೇಬಾವಿಯು ಗೌರಿಬಿದನೂರು ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಅಲ್ಲಿ ರೈಲುನಿಲ್ದಾಣವುಂಟು, ಸಿಮೆಂಟಿನ ಕಾರ್ಖಾನೆಯುಂಟು, ಸುತ್ತಣ ಹಳ್ಳಿಗಳಿಂದ ಬಂದು ಹೋಗುವ ಜನವುಂಟು. ಆದುದರಿಂದ ಅಂಗಡಿಯ ಬೋರ್ಡು, ಜಾತ್ರೆಯ ಕರಪತ್ರ, ಶಾಲೆಯ ವಾರ್ಷಿಕೋತ್ಸವದ ಆಹ್ವಾನ, ಹಾಲಿನ ಸಂಘದ ಮಹಾಸಭೆಯ ತಿಳಿವಳಿಕೆ, ಮದುವೆಯ ಫ್ಲೆಕ್ಸು ಇವೆಲ್ಲವನ್ನೂ ಯಾರಾದರೊಬ್ಬರು ಮಾಡಿಕೊಡಲೇಬೇಕು. ಇಂಥ ಕೆಲಸವನ್ನು ಕಲಿಯಬೇಕೆಂದು ಮನಸ್ಸು ಮಾಡಿದ ಯುವತಿಯೊಬ್ಬಳು ಆ ಊರಿನಲ್ಲಿ ಇದ್ದಾಳೆಂದು ಇಟ್ಟುಕೊಳ್ಳೋಣ. ವಿನ್ಯಾಸವನ್ನು ಕಲಿಸುವ ಶಾಲೆಗಳು ಬೆಂಗಳೂರಿನಲ್ಲಿ ಇಲ್ಲದಿಲ್ಲ. ಆದರೆ ಅಲ್ಲಿಗೆ ಹೋಗಲು ಅವಳಿಗೆ ಹಣವಾಗಲಿ ಬಿಡುವಾಗಲಿ ಇಲ್ಲ. ಅಂಥವಳಿಗೆ, ನೀನು ಮಾಡಿ ನೋಡಿ ಕಲಿಯಮ್ಮ ಎಂದು ಹೇಳಿದರೆ ಅದನ್ನು ಬಡವರಿಗೆ ಹೇಳುವ ಸಮಾಧಾನದ ಮಾತೆಂದು ಕೆಲವರು ತಿಳಿದಾರು. ನಾನು ಅದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಕನ್ನಡದ ಅಕ್ಷರವು ಎಂಥದು, ಅದು ಅಚ್ಚಿಗೆ ಬಂದ ಬಗೆ ಯಾವುದು ಎಂಬುದನ್ನು ವಿಚಾರಮಾಡಿ ನೋಡಿದರೆ, ಬೆಂಗಳೂರಿನ ಶಾಲೆಯಲ್ಲಿ ಓದುವವನಿಗೂ ಕೊನೆಗೆ ಇದೊಂದೇ ದಾರಿಯೆಂಬುದು ಸ್ಪಷ್ಟವಾಗುತ್ತದೆ.

ಮೊದಲು ಅಕ್ಷರದ ಸ್ವಭಾವವನ್ನು ನೋಡೋಣ. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕದಲ್ಲೊಂದು ಸಾಲಾಗಿ ನಿಲ್ಲುತ್ತವೆ. ಕೆಲವು ಸ್ವಲ್ಪ ಮೇಲಕ್ಕೆ ಏರಿದರೂ ಕೆಲವು ಕೆಳಕ್ಕೆ ಇಳಿದರೂ, ಒಂದು ಅಕ್ಷರದ ಕೆಳಗೆ ಇನ್ನೊಂದು ಅಕ್ಷರವು ಬಂದು ಕೂಡುವ ಪ್ರಸಂಗ ಅಲ್ಲಿಲ್ಲ. ಕನ್ನಡದಲ್ಲಿ ಅಕ್ಷರದ ಒಡಲು ನಡುವೆ ನಿಂತರೆ, ತಲೆಕಟ್ಟು, ಗುಡಿಸು, ಏತ್ವಗಳು ಅದರ ಮೇಲಕ್ಕೂ, ಕೊಂಬು, ದೀರ್ಘ, ಅರ್ಕಾವತ್ತುಗಳು ಅದರ ಬಲಕ್ಕೂ, ವಟ್ರಸುಳಿಯೂ ಒತ್ತಕ್ಷರಗಳೂ ಅದರ ಕೆಳಕ್ಕೂ ಬೆಳೆದುಕೊಳ್ಳುತ್ತವೆ. ಈ ಬೆಳವಣಿಗೆಯು ಎಲ್ಲ ಶಬ್ದಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲವೆಂಬುದೇ ಇಲ್ಲಿಯ ತೊಡಕು. ಕೇಳುತ್ತಿರುವವರು ಒಂದು ಕಾಗದವನ್ನೂ ಪೆನ್ಸಿಲನ್ನೂ ಹತ್ತಿರ ಇಟ್ಟುಕೊಂಡಿದ್ದರೆ, ನಮ್ಮ ಕಡೆಯ ಊರುಗಳ ಹೆಸರುಗಳನ್ನೇ ಒಂದರ ಕೆಳಗೊಂದು ಬರೆದು ನೋಡಬಹುದು.

ತೊಂಡೇಬಾವಿ ಎಂಬ ಹೆಸರಿನಲ್ಲಿ ಒಂದಾದರೂ ಒತ್ತಕ್ಷರವಿಲ್ಲ. ಮೊದಲ ಅಕ್ಷರದ ಒತ್ವವು ಬಲಕ್ಕೆ ಚಾಚಿ, ಅದರ ಪಕ್ಕದಲ್ಲಿ ಸೊನ್ನೆಯು ಕುಳಿತು, ಡೇ ಎಂಬಲ್ಲಿ ಏತ್ವದ ದೀರ್ಘವು ಇನ್ನಷ್ಟು ಸ್ಥಳವನ್ನು ತೆಗೆದುಕೊಂಡು, ಹೆಸರು ಅಡ್ಡಕ್ಕೆ ಬೆಳೆಯುತ್ತದೆಯೇ ಹೊರತು ಕೆಳಕ್ಕೆ ಇಳಿಯುವುದಿಲ್ಲ. ಗೌರಿಬಿದನೂರೂ ಹಾಗೆಯೇ, ಚಿಂತಾಮಣಿಯೂ ಹಾಗೆಯೇ. ಮಾಕಳಿದುರ್ಗದಲ್ಲಿ ಸಂಯುಕ್ತಾಕ್ಷರವಿದ್ದರೂ ಅದರ ಅರ್ಕಾವತ್ತು ಪಕ್ಕದಲ್ಲಿ ನಿಲ್ಲುವುದರಿಂದ ಅಗಲವನ್ನು ಕೇಳುತ್ತದೆ, ಆಳವನ್ನು ಕೇಳುವುದಿಲ್ಲ. ಆದರೆ ಚಿಕ್ಕಬಳ್ಳಾಪುರವನ್ನು ಬರೆದ ಕೂಡಲೇ ಕಕಾರದ ಒತ್ತೂ ಳಕಾರದ ಒತ್ತೂ ಸಾಲಿನ ಕೆಳಕ್ಕೆ ಇಳಿದುಬಿಡುತ್ತವೆ. ಶಿಡ್ಲಘಟ್ಟದಲ್ಲಿಯೂ ಎರಡು ಒತ್ತುಗಳು, ಅವುಗಳಲ್ಲಿ ಲಕಾರದ ಒತ್ತಿಗೆ ತನ್ನ ಮೂಲಾಕ್ಷರವನ್ನು ಹೋಲದ ಬೇರೆಯ ಆಕಾರ. ಈಗ ನಮ್ಮ ಯುವತಿಯು ಒಂದು ಕರಪತ್ರದಲ್ಲಿ ತಾಲ್ಲೂಕುಗಳ ಹೆಸರುಗಳನ್ನು ಒಂದರ ಕೆಳಗೊಂದು ಜೋಡಿಸಬೇಕಾಗಿದೆ. ಗೌರಿಬಿದನೂರನ್ನೂ ಚಿಂತಾಮಣಿಯನ್ನೂ ಮೇಲೆ ಕೆಳಗೆ ಇಟ್ಟು, ಸಾಲುಗಳ ನಡುವಣ ಅಂತರವನ್ನು ಕಣ್ಣಿಗೆ ಹಿತವಾಗುವಂತೆ ಇಳಿಸಿ, ಇದು ಸರಿಯೆಂದು ಅವಳು ನಿಶ್ಚಯಿಸುತ್ತಾಳೆ. ಅನಂತರ ಅದೇ ಅಂತರದಲ್ಲಿ ಚಿಕ್ಕಬಳ್ಳಾಪುರವನ್ನು ತಂದು ಮೇಲೆ ಕೂಡಿಸಿದರೆ, ಅದರ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟುಗಳಿಗೆ ತಗಲಿ, ಎರಡು ಹೆಸರುಗಳೂ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಅಂತರವನ್ನು ಹಿಗ್ಗಿಸಿದರೆ ಒತ್ತಿಲ್ಲದ ಹೆಸರುಗಳು ದೂರದೂರ ಸರಿದು ಪರಸ್ಪರ ಸಂಬಂಧವನ್ನು ಕಳೆದುಕೊಳ್ಳುತ್ತವೆ. ಒಂದೊಂದು ಸಾಲಿಗೆ ಒಂದೊಂದು ಅಂತರವನ್ನು ಕೊಟ್ಟರೆ ಪುಟವೇ ಏರುಪೇರಾಗುತ್ತದೆ. ಒತ್ತುಗಳನ್ನು ಚಿಕ್ಕದಾಗಿ ಬರೆದಿರುವ ಬೇರೊಂದು ಫಾಂಟನ್ನು ಹುಡುಕಿ ತಂದರೆ ತಗಲಾಟವೇನೋ ತಪ್ಪುತ್ತದೆ, ಆದರೆ ಕಿರಿಯ ಗಾತ್ರದಲ್ಲಿ ಅಚ್ಚಾದಾಗ ಆ ಒತ್ತು ಕ ಒತ್ತೋ ಳ ಒತ್ತೋ ಎಂಬುದು ವಯಸ್ಸಾದವರ ಕಣ್ಣಿಗೆ ತಿಳಿಯದೆ ಹೋಗುತ್ತದೆ. ಒಂದು ಕಡೆಯ ಲಾಭಕ್ಕೆ ಇನ್ನೊಂದು ಕಡೆಯಲ್ಲಿ ತೆರಬೇಕಾದ ಬೆಲೆ ಇದು. ಎಷ್ಟು ತೆತ್ತರೆ ಸಾಕು ಎಂಬುದನ್ನು ಮುಂಚಿತವಾಗಿ ಹೇಳಬಲ್ಲ ಕೋಷ್ಟಕ ಯಾವುದೂ ಇಲ್ಲ, ಏಕೆಂದರೆ ಒತ್ತಿನ ಪ್ರಮಾಣವು ಫಾಂಟಿನಿಂದ ಫಾಂಟಿಗೆ ಬೇರೆಯಾಗುತ್ತದೆ. ಅತ್ಯಂತ ಕಠಿಣವಾದ ಹೆಸರು ಸುಖವಾಗಿ ಓದಬಹುದಾದ ಅಂತರಗಳಲ್ಲಿ ಅತ್ಯಂತ ಕಿರಿದನ್ನು ಹುಡುಕಿ, ಅದನ್ನೇ ಎಲ್ಲಕ್ಕೂ ಒಪ್ಪಿಕೊಳ್ಳುವುದು ಉತ್ತಮವೆಂದು ನನ್ನ ಅಭಿಪ್ರಾಯ. ಹುಡುಕುವ ಕೆಲಸವನ್ನು ಮಾತ್ರ ಯಾರೂ ಯಾರಿಗಾಗಿಯೂ ಮಾಡಿಕೊಡಲಾರರು.

ಇನ್ನೊಂದು ಸೂಕ್ಷ್ಮವುಂಟು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವು ನಮ್ಮ ಲಿಪಿಯಲ್ಲಿ ಎಷ್ಟೋ ಕಡೆ ಅಕ್ಷರದ ಬುಡದಲ್ಲಿರುವ ಒಂದು ಚಿಕ್ಕ ಸೀಳನ್ನು ಮಾತ್ರ ಅವಲಂಬಿಸಿದೆ. ದಕಾರಕ್ಕೆ ಸೀಳನ್ನು ಕೊಟ್ಟರೆ ಧಕಾರ, ಪಕಾರಕ್ಕೆ ಕೊಟ್ಟರೆ ಫಕಾರ, ಬಕಾರಕ್ಕೆ ಕೊಟ್ಟರೆ ಭಕಾರ. ಗಣಕದ ತೆರೆಯ ಮೇಲೆ ಅಕ್ಷರವನ್ನು ದೊಡ್ಡದು ಮಾಡಿಕೊಂಡು ನೋಡುವಾಗ ಈ ಸೀಳು ಸ್ವಚ್ಛವಾಗಿ ಕಾಣುತ್ತದೆ. ಆದರೆ ದಪ್ಪನೆಯ ರೂಪವನ್ನು ಆರಿಸಿ, ಅಗ್ಗದ ಕಾಗದದ ಮೇಲೆ ಸಣ್ಣದಾಗಿ ಅಚ್ಚುಮಾಡಿ, ಆ ಅಚ್ಚಿನಿಂದ ಜೆರಾಕ್ಸ್ ಪ್ರತಿಗಳನ್ನು ತೆಗೆದಾಗ, ಮಸಿಯು ಹರಡಿಕೊಂಡು ಸೀಳು ಮುಚ್ಚಿಹೋಗುತ್ತದೆ, ಸಂಘದ ನೋಟೀಸಿನಲ್ಲಿ ಧನಸಹಾಯವೆಂದು ಇದ್ದುದು ದನಸಹಾಯವೆಂದು ಆಗುತ್ತದೆ. ತೊಂಡೇಬಾವಿಯ ಹೆಸರನ್ನೇ ಬಕಾರದಿಂದ ಬರೆಯುವವರೂ ಇದ್ದಾರೆ, ಭಕಾರದಿಂದ ಬರೆಯುವವರೂ ಇದ್ದಾರೆ. ಬರೆದವರು ಯಾವುದನ್ನು ಬರೆದರೆಂಬುದಾದರೂ ಓದುವವನಿಗೆ ಸಂದೇಹವಿಲ್ಲದೆ ತಿಳಿಯಬೇಕಷ್ಟೆ. ಹೀಗೆಯೇ ಪಕಾರ ವಕಾರಗಳಿಗೆ ಕೊಂಬು ಸೇರುವಾಗ ಅದು ಬೇರೆ ಅಕ್ಷರಗಳಲ್ಲಿರುವಂತೆ ಮೇಲಿನಿಂದ ಹೊರಡದೆ ಸ್ವಲ್ಪ ಕೆಳಗಿನಿಂದ ಹೊರಡುತ್ತದೆ. ಹಾಗೆ ಇಳಿಸಿರದಿದ್ದರೆ ವು ಎಂಬುದು ಮಕಾರವೆಂದು ಭ್ರಾಂತಿ ಹುಟ್ಟುತ್ತಿತ್ತು. ಒಳ್ಳೆಯ ಫಾಂಟಿನಲ್ಲಿ ಈ ವ್ಯತ್ಯಾಸವನ್ನು ಎಚ್ಚರದಿಂದ ಕಾಪಾಡಿರುತ್ತಾರೆ, ಅವಸರದಲ್ಲಿ ಮಾಡಿದುದರಲ್ಲಿ ಕಾಪಾಡಿರುವುದಿಲ್ಲ. ಗೌರಿಬಿದನೂರಿಗೆ ಹತ್ತಿರದಲ್ಲಿರುವ ವಿದುರಾಶ್ವತ್ಥದ ಹೆಸರನ್ನು ಬರೆದು ನೋಡಿದರೆ ಇಂಥ ಹಲವು ಪರೀಕ್ಷೆಗಳು ಒಂದೇ ಕಡೆ ಸೇರುತ್ತವೆ: ಶಕಾರದ ಕೆಳಗೆ ವಕಾರ, ತಕಾರದ ಕೆಳಗೆ ಥಕಾರ, ಆ ಥಕಾರದ ಹೊಟ್ಟೆಯೊಳಗೆ ಉಳಿಯಲೇಬೇಕಾದ ಚುಕ್ಕೆ. 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹಕ್ಕೆ ನೆರೆದಿದ್ದ ಜನರು ಪೊಲೀಸರ ಗುಂಡಿಗೆ ಪ್ರಾಣವನ್ನು ತೆತ್ತ ಆ ಸ್ಥಳದ ಹೆಸರನ್ನು ಯಾವ ಪ್ರಕಟಣೆಯಲ್ಲಾಗಲಿ ಚುಕ್ಕೆ ಅಳಿದ ಅಕ್ಷರದಲ್ಲಿ ಅಚ್ಚುಮಾಡುವುದು ನನ್ನ ಮನಸ್ಸಿಗೆ ಬಹಳ ನೋವನ್ನುಂಟುಮಾಡುತ್ತದೆ.

ನಮ್ಮ ಪ್ರದೇಶಕ್ಕೆ ವಿಶೇಷವಾದ ಪ್ರಶ್ನೆ ಇನ್ನೂ ಒಂದಿದೆ. ಗೌರಿಬಿದನೂರಿನಿಂದ ಸ್ವಲ್ಪ ದೂರ ಹೋದರೆ ಹಿಂದೂಪುರ, ಅಲ್ಲಿಂದ ಮುಂದೆ ಬಹುಮಟ್ಟಿಗೆ ತೆಲುಗು. ಇಲ್ಲಿಯ ಮನೆಗಳಲ್ಲಿ ಎರಡು ಭಾಷೆಗಳೂ ಆಡುತ್ತವೆ, ಎಷ್ಟೋ ಅಂಗಡಿಗಳ ಬೋರ್ಡುಗಳಲ್ಲಿ ಎರಡು ಲಿಪಿಗಳೂ ಇರುತ್ತವೆ. ಈ ಎರಡು ಲಿಪಿಗಳ ನಂಟು ಹಳೆಯದು. ಶಾಸನತಜ್ಞ ಬಿ. ಎಲ್. ರೈಸರು ಅಂದಿನ ಕೋಲಾರ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟವಾಗಿ ಹೊರತಂದರು. ಆಗ ಈ ತಾಲ್ಲೂಕುಗಳೂ ಆ ಜಿಲ್ಲೆಗೇ ಸೇರಿದ್ದುವು, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಾಗಿ ಬೇರೆಯಾದುವು. ಪ್ರಾಚೀನಶಾಸನಗಳ ಕಾಲದಲ್ಲಿ ಕನ್ನಡಕ್ಕೂ ತೆಲುಗಿಗೂ ಲಿಪಿಯು ಒಂದೇ ಆಗಿದ್ದು, ಕ್ರಮೇಣ ಬೇರೆಯಾಗುತ್ತ ಬಂದು, ಅಚ್ಚಿನ ಮೊಳೆಗಳು ಬಂದ ಮೇಲೆ ಆ ಭೇದವು ಸ್ಥಿರವಾಯಿತೆಂಬುದನ್ನು ವಿದ್ವಾಂಸರು ತಿಳಿಸಿದ್ದಾರೆ. ಇಂದು ತೆಲುಗಿನ ತಲೆಕಟ್ಟು ಅಕ್ಷರದ ನೆತ್ತಿಯ ಮೇಲೆ ಓರೆಯಾದ ಗೀಟಿನಂತೆ ನಿಂತರೆ, ಕನ್ನಡದ ತಲೆಕಟ್ಟು ಅಡ್ಡಲಾಗಿ ಹರಿದು ತುದಿಯಲ್ಲಿ ಬಾಗುತ್ತದೆ. ಹೀಗೆ ಬಹಳ ಹತ್ತಿರದ ಎರಡು ಲಿಪಿಗಳನ್ನು ಒಂದೇ ಹಲಗೆಯ ಮೇಲೆ ಬರೆಯುವಾಗ, ಎರಡನ್ನೂ ಅಳತೆಯಲ್ಲಿ ಸಮವಾಗಿ ಇಟ್ಟ ಮಾತ್ರಕ್ಕೆ ಅವು ಸಮವಾಗಿ ಕಾಣುವುದಿಲ್ಲ. ಒಂದರ ಗೆರೆ ದಪ್ಪವಾಗಿ ಇನ್ನೊಂದರದು ತೆಳುವಾದರೆ, ತೆಳುವಾದುದನ್ನು ಆಡುವವರು ತಮ್ಮ ಮಾತಿಗೆ ಎರಡನೆಯ ಸ್ಥಾನವನ್ನು ಕೊಟ್ಟರೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಇಂಗ್ಲಿಷಿನ ಜೊತೆಯಲ್ಲಿಯಂತೂ ಈ ಕಷ್ಟ ಹೆಚ್ಚು. ಮೇಲಣ ಚಿಹ್ನೆಗಳಿಗೂ ಕೆಳಗಣ ಒತ್ತಿಗೂ ಸ್ಥಳವನ್ನು ಬಿಡಬೇಕಾದ ಕಾರಣ, ಒಂದೇ ಪಾಯಿಂಟಿನ ಅಳತೆಯಲ್ಲಿ ಕನ್ನಡದ ಒಡಲು ಎಷ್ಟೋ ವೇಳೆ ಇಂಗ್ಲಿಷಿನ ದೊಡ್ಡಕ್ಷರಗಳ ಮುಂದೆ ಕುಗ್ಗಿದಂತೆ ತೋರುತ್ತದೆ. ಅಳತೆಯ ಅಂಕಿಯನ್ನು ನಂಬದೆ ಕಣ್ಣನ್ನು ನಂಬಿ, ಕನ್ನಡವನ್ನು ಒಂದೊಂದೇ ಪಾಯಿಂಟು ಏರಿಸುತ್ತ ಹೋಗಿ, ಹತ್ತು ಹೆಜ್ಜೆ ಹಿಂದೆ ನಿಂತು ನೋಡಿ, ಮತ್ತೆ ಹತ್ತಿರ ಬಂದು ತಿದ್ದುವುದರ ಹೊರತು ಇದಕ್ಕೆ ಬೇರೆ ಉಪಾಯ ನನಗೆ ಕಾಣದು.

ಕನ್ನಡದ ಮುದ್ರಣದ ಇತ್ತೀಚಿನ ಎರಡು ಶತಮಾನಗಳ ಚರಿತ್ರೆಯೂ ಮಾಡಿ ನೋಡಿಯೇ ಕಲಿಯಬೇಕೆಂಬ ಈ ಮಾತನ್ನೇ ಹೇಳುತ್ತದೆ. 1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ಅಚ್ಚಾದುದು ಕನ್ನಡನಾಡಿನಲ್ಲಿ ಅಲ್ಲ, ಹೂಗ್ಲಿ ನದಿಯ ತೀರದ ಶ್ರೀರಾಮಪುರದಲ್ಲಿ. ಪಂಚಾನನ ಕರ್ಮಕಾರನೂ ಅವನ ಅಳಿಯ ಮನೋಹರನೂ ಭಾರತೀಯ ಭಾಷೆಗಳಿಗೆ ಮೊಳೆಯನ್ನು ಕೊರೆಯುವ ವಿದ್ಯೆಯನ್ನು ಅಲ್ಲಿ ನೆಲೆಗೊಳಿಸಿದ್ದರು. ಆದರೂ ಸುತ್ತಲೂ ಬಂಗಾಳಿಯನ್ನು ಆಡುವ ಜನರ ನಡುವೆ ಕುಳಿತು, ಯಾರೂ ಓದಲಾರದ ಲಿಪಿಯೊಂದನ್ನು ಲೋಹಕ್ಕೆ ಇಳಿಸುವುದೆಂದರೆ ಅದೆಷ್ಟು ಕಷ್ಟದ ಕಾರ್ಯವಾಗಿರಬೇಕೆಂಬುದನ್ನು ಊಹಿಸಬಹುದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೊಗ್ಲಿಂಗರು 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಪ್ರಾರಂಭಿಸಿದಾಗ ಅದನ್ನು ಕಲ್ಲಚ್ಚಿನಲ್ಲಿ ತೆಗೆದರು. ಕಲ್ಲಚ್ಚಿನಲ್ಲಿ ಬರೆಯುವವನ ಕೈಬರಹವೇ ಪುಟಕ್ಕೆ ಬರುವುದರಿಂದ, ಒತ್ತು ಎಲ್ಲಿ ಹಿಡಿಸುತ್ತದೆಯೋ ಅಲ್ಲಿ ಅದನ್ನು ಬರೆದುಕೊಳ್ಳುವ ಸ್ವಾತಂತ್ರ್ಯ ಲೇಖಕನಿಗೆ ಇರುತ್ತದೆ. ಮರುವರ್ಷ ಪತ್ರಿಕೆಯು ಬಳ್ಳಾರಿಗೆ ಹೋಗಿ ಮೊಳೆಗಳಲ್ಲಿ ಅಚ್ಚಾಗತೊಡಗಿದಾಗ ಆ ಸ್ವಾತಂತ್ರ್ಯವು ಹೋಗಿ, ಒಂದೊಂದು ಚಿಹ್ನೆಗೂ ಒಂದೊಂದು ಮೊಳೆ ಎಂಬ ಕಟ್ಟುಪಾಡು ಬಂದಿತು. ಬಾಸೆಲ್ ಮಿಷನ್ನಿನ ಮಂಗಳೂರಿನ ಅಚ್ಚುಕೂಟವೇ ಮುಂದೆ 1894ರಲ್ಲಿ ಕಿಟ್ಟೆಲರ ನಿಘಂಟನ್ನು ಅಚ್ಚುಮಾಡಿತು. 1,700ಕ್ಕೂ ಮೀರಿದ ಪುಟಗಳಲ್ಲಿ ಕನ್ನಡದ ಶಬ್ದ, ಅದರ ರೋಮನ್ ಲಿಪ್ಯಂತರ, ಇಂಗ್ಲಿಷಿನ ಅರ್ಥ, ಸೋದರಭಾಷೆಗಳ ರೂಪಗಳು ಇವೆಲ್ಲವೂ ಒಂದರೊಳಗೊಂದು ಕಲೆತು ಹೋಗದಂತೆ ನಿಂತಿರುವ ಆ ಗ್ರಂಥವನ್ನು, ಅರ್ಥಕ್ಕಾಗಿ ಮಾತ್ರವಲ್ಲದೆ ಪುಟದ ರಚನೆಗಾಗಿಯೂ ವಿದ್ಯಾರ್ಥಿಗಳು ತೆರೆದು ನೋಡಬೇಕೆಂದು ನಾನು ಹೇಳುತ್ತೇನೆ. ಕಲ್ಲಚ್ಚಿನ ಹಾಳೆಯಿಂದ ಈ ನಿಘಂಟಿನವರೆಗೆ ಐವತ್ತು ವರ್ಷಗಳು ಬೇಕಾದುವು. ಬೆರಳಚ್ಚಿನ ಯಂತ್ರಕ್ಕೆ ಕನ್ನಡವನ್ನು ಒಗ್ಗಿಸಿದಾಗ ಮತ್ತೆ ಮೊದಲಿನಿಂದ ಪ್ರಾರಂಭ. ಗಣಕಕ್ಕೆ ಒಗ್ಗಿಸಿದಾಗ ಮತ್ತೊಮ್ಮೆ. ಒಂದು ಯಂತ್ರದಲ್ಲಿ ಕಂಡುಕೊಂಡ ಉತ್ತರವು ಇನ್ನೊಂದರಲ್ಲಿ ಹಾಗೆಯೇ ನಡೆಯಲಿಲ್ಲ.

ವಿದ್ವಾಂಸರೂ ಸಾಹಿತಿಗಳೂ ಈ ಕೆಲಸವನ್ನು ಕೀಳೆಂದು ಎಣಿಸಲಿಲ್ಲ. ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರು ಕಾದಂಬರಿಗಳನ್ನೂ ಮಕ್ಕಳ ವಿಶ್ವಕೋಶವಾದ 'ಬಾಲಪ್ರಪಂಚ'ವನ್ನೂ ಬರೆದುದಲ್ಲದೆ, ಅಚ್ಚುಕೂಟವನ್ನು ಇಟ್ಟು ಮುದ್ರಣದ ಕೆಲಸವನ್ನೂ ಕೈಯಾರೆ ಮಾಡಿ ನೋಡಿದರು, ತಮ್ಮ ಪುಸ್ತಕಗಳಿಗೆ ಮುಖಪುಟಗಳನ್ನು ತಾವೇ ಬರೆದುಕೊಂಡರು. ಇಂಗ್ಲೆಂಡಿನಲ್ಲಿ ಕವಿ ವಿಲಿಯಂ ಮಾರಿಸನು ಐವತ್ತರ ವಯಸ್ಸನ್ನು ದಾಟಿದ ಮೇಲೆ, 1888ರಲ್ಲಿ ಎಮರಿ ವಾಕರನ ಒಂದು ಉಪನ್ಯಾಸದಲ್ಲಿ ಹಳೆಯ ಪುಸ್ತಕಗಳ ಅಕ್ಷರಗಳನ್ನು ಹಿಗ್ಗಿಸಿ ತೆರೆಯ ಮೇಲೆ ತೋರಿಸಿದುದನ್ನು ಕಂಡು, ತಾನೂ ಒಂದು ಅಕ್ಷರವರ್ಗವನ್ನು ರಚಿಸಬೇಕೆಂದು ಸಂಕಲ್ಪಿಸಿದನು. ಹದಿನೈದನೆಯ ಶತಮಾನದ ವೆನಿಸ್ಸಿನ ಮುದ್ರಕರ ಅಕ್ಷರಗಳ ಛಾಯಾಚಿತ್ರಗಳನ್ನು ದೊಡ್ಡದು ಮಾಡಿಸಿ, ಅವುಗಳ ಮೇಲೆ ಮತ್ತೆ ಮತ್ತೆ ತಿದ್ದಿ, ಆ ಗುಣವು ಕೈಗೆ ಹತ್ತಿದ ಮೇಲೆ ಅವುಗಳನ್ನು ಬದಿಗಿಟ್ಟು ತಾನಾಗಿ ಬರೆದು, ಬರೆದುದನ್ನು ಮತ್ತೆ ಅಚ್ಚಿನ ಗಾತ್ರಕ್ಕೆ ಕುಗ್ಗಿಸಿ ನೋಡಿ, ಸರಿಬಾರದುದನ್ನು ಬದಲಾಯಿಸುತ್ತಿದ್ದನು. 1891ರಲ್ಲಿ ಅವನ ಕೆಲ್ಮ್‌ಸ್ಕಾಟ್ ಅಚ್ಚುಕೂಟವು ಪ್ರಾರಂಭವಾಯಿತು. 'ಟ್ರಾಯ್' ಎಂಬ ಅವನ ಅಕ್ಷರವು ಚಾಸರ್ ಕವಿಯ ಕೃತಿಗಳನ್ನು ಎರಡು ಅಂಕಣಗಳಲ್ಲಿ ಹಿಡಿಸುವುದಕ್ಕೆ ದೊಡ್ಡದಾಯಿತೆಂದು ಕಂಡಾಗ, ಅದನ್ನೇ ಕಿರಿದುಮಾಡಿ ಹೊಸದಾಗಿ ಕೊರೆಸಿದನು. ಹಿಗ್ಗಿಸಿ ನೋಡುವುದು, ಅನಂತರ ನಿಜವಾದ ಗಾತ್ರಕ್ಕೆ ಕುಗ್ಗಿಸಿ ನೋಡುವುದು — ಮಾರಿಸನ ಈ ಎರಡು ಹೆಜ್ಜೆಗಳಲ್ಲಿ ಮೊದಲನೆಯದನ್ನು ನಮ್ಮ ಕಾಲದ ಎಲ್ಲರೂ ಮಾಡುತ್ತಾರೆ, ಎರಡನೆಯದನ್ನು ಮಾಡುವವರು ವಿರಳ.

ಇಷ್ಟನ್ನು ಹೇಳಿದ ಮೇಲೆ, ಸುಮ್ಮನೆ ಹತ್ತಾರು ಬಗೆಯಲ್ಲಿ ಮಾಡುತ್ತ ಹೋದರೆ ವಿದ್ಯೆ ಬಂದುಬಿಡುತ್ತದೆಂದು ಯಾರೂ ತಿಳಿಯಬಾರದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೇಷ್ಮೆಯ ಗೂಡನ್ನು ಕೊಳ್ಳುವ ರೀಲರು ಅದನ್ನು ಕೈಯಲ್ಲಿ ಹಿಡಿದು, ಒತ್ತಿ, ಅಲ್ಲಾಡಿಸಿ ಬೆಲೆಯನ್ನು ಕಟ್ಟುತ್ತಾರೆ. ಆ ಊಹೆಯು ಸರಿಯಾಗಿತ್ತೋ ಇಲ್ಲವೋ ಎಂಬುದನ್ನು ಅವರಿಗೆ ಹೇಳುವುದು ಆ ಗೂಡಿನಿಂದ ಹೊರಟ ನೂಲು. ನೂಲನ್ನು ತೆಗೆಯದೆ ಗೂಡನ್ನು ಕೊಳ್ಳುತ್ತಲೇ ಹೋಗುವವನಿಗೆ ಎಷ್ಟು ವರ್ಷಗಳಾದರೂ ಗೂಡಿನ ಪರಿಜ್ಞಾನ ಬರುವುದಿಲ್ಲ. ಅಕ್ಷರದ ಪ್ರಯತ್ನಕ್ಕೂ ಅಂಥದೊಂದು ಉತ್ತರವು ಹಿಂದಿರುಗಿ ಬರಬೇಕು. ಉತ್ತರವನ್ನು ಕೊಡತಕ್ಕವನು ಓದುವವನು. ಆದುದರಿಂದ ನಮ್ಮ ಯುವತಿಯು ತಾನು ಮಾಡಿದ ಕರಪತ್ರವನ್ನು ಯಾರಿಗಾದರೂ ತೋರಿಸಿ, ಚೆನ್ನಾಗಿದೆಯೇ ಎಂದು ಕೇಳಬಾರದು. ಕೇಳಿದರೆ, ನೆರೆಹೊರೆಯವರು ಒಳ್ಳೆಯವರಾದ್ದರಿಂದ, ಚೆನ್ನಾಗಿದೆ ಕಣಮ್ಮ ಎಂದೇ ಹೇಳುತ್ತಾರೆ. ಇದನ್ನು ಸ್ವಲ್ಪ ಓದಿ ಹೇಳಿ ಅಜ್ಜ ಎಂದು ಕೈಗೆ ಕೊಟ್ಟು, ಸುಮ್ಮನೆ ನಿಂತು, ಅವರು ಯಾವ ಶಬ್ದದಲ್ಲಿ ತಡವರಿಸಿದರು, ಯಾವ ಸಾಲಿನಲ್ಲಿ ಕಾಗದವನ್ನು ಕಣ್ಣಿನ ಹತ್ತಿರಕ್ಕೆ ತಂದರು, ದಿನಾಂಕವನ್ನು ಎಲ್ಲಿ ಹುಡುಕಿದರು ಎಂಬುದನ್ನು ಗಮನಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಫಾಂಟು, ಗಾತ್ರ, ಅಂತರ, ಬಣ್ಣ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ. ಗೋಡೆಗೆ ಅಂಟಿಸುವುದನ್ನು ಗೋಡೆಗೆ ಅಂಟಿಸಿ, ಬಿಸಿಲಿನಲ್ಲಿಯೂ ಮುಸ್ಸಂಜೆಯಲ್ಲಿಯೂ ನೋಡಬೇಕು. ಬಸ್ಸಿನಿಂದ ಓದತಕ್ಕ ಬೋರ್ಡನ್ನು ಬಸ್ಸಿನಿಂದಲೇ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸೋತ ಹಾಳೆಯನ್ನು ಹರಿದು ಹಾಕದೆ, ಗೆದ್ದ ಹಾಳೆಯ ಜೊತೆಯಲ್ಲಿಯೇ ತೆಗೆದಿಡಬೇಕು, ಏಕೆಂದರೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟಾಗಲೇ ಭೇದವು ಕಣ್ಣಿಗೆ ಹೊಳೆಯುತ್ತದೆ.

ಹಾಗಾದರೆ ಬಲ್ಲವರು ಬರೆದಿಟ್ಟ ನಿಯಮಗಳಿಂದ ಪ್ರಯೋಜನವಿಲ್ಲವೇ ಎಂದು ಕೇಳಬಹುದು. ಪ್ರಯೋಜನವುಂಟು. ಒಂದು ಪುಟದಲ್ಲಿ ಎರಡು ಬಗೆಯ ಅಕ್ಷರಗಳಿಗಿಂತ ಹೆಚ್ಚನ್ನು ಬಳಸಬೇಡ ಎಂಬ ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ; ಪ್ರಾರಂಭದಲ್ಲಿ ಅದನ್ನು ಪಾಲಿಸುವುದು ಕ್ಷೇಮ. ಆದರೆ ಇಂಥ ನಿಯಮಗಳಲ್ಲಿ ಬಹುಭಾಗವು ರೋಮನ್ ಲಿಪಿಯ ಅನುಭವದಿಂದ ಹುಟ್ಟಿದುವು. ಶೀರ್ಷಿಕೆಯನ್ನು ದೊಡ್ಡಕ್ಷರಗಳಲ್ಲಿ ಇಡು, ಒತ್ತಿಹೇಳಬೇಕಾದುದನ್ನು ಓರೆಯಕ್ಷರದಲ್ಲಿ ಇಡು ಎಂಬುವು ನಮಗೆ ಅನ್ವಯಿಸುವುದೇ ಇಲ್ಲ. ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ, ದುಂಡಾದ ಕನ್ನಡದ ಅಕ್ಷರವನ್ನು ಯಂತ್ರದ ಬಲದಿಂದ ಓರೆ ಮಾಡಿದರೆ ಅದು ಜಾರಿಬೀಳುವಂತೆ ಕಾಣುತ್ತದೆ. ಹೊರಗಿನಿಂದ ಬಂದ ನಿಯಮವನ್ನು ನಮ್ಮ ಅಕ್ಷರದ ಮೇಲೆ ಪರೀಕ್ಷಿಸಿ ಒಪ್ಪಬೇಕು, ಇಲ್ಲವೇ ಬಿಡಬೇಕು. ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಪ್ರಶ್ನೆಮಾಡದೆ ಯಾವುದನ್ನೂ ಒಪ್ಪಬಾರದೆಂದು ಜೀವಮಾನವೆಲ್ಲ ವಿದ್ಯಾರ್ಥಿಗಳಿಗೆ ತಿಳಿಸಿದ ಎಚ್. ನರಸಿಂಹಯ್ಯನವರು ವಿಜ್ಞಾನಕ್ಕೆ ಸಂಬಂಧಿಸಿ ಆ ಮಾತನ್ನು ಹೇಳಿದರೂ, ಅದು ಅಕ್ಷರದ ಕೆಲಸಕ್ಕೂ ಸಲ್ಲುತ್ತದೆ.

ಪ್ರಯತ್ನಕ್ಕೆ ಒಂದು ಮರ್ಯಾದೆಯೂ ಇರತಕ್ಕದ್ದು. ಮದುವೆಯ ಆಹ್ವಾನವನ್ನೂ, ತೀರಿಕೊಂಡವರ ವೈಕುಂಠಸಮಾರಾಧನೆಯ ಪತ್ರವನ್ನೂ ಮಾಡಿಸಲು ಜನರು ಬರುವುದು ತಮ್ಮ ಜೀವನದ ಅತ್ಯಂತ ಸಂತೋಷದ ಅಥವಾ ಅತ್ಯಂತ ದುಃಖದ ಕಾಲದಲ್ಲಿ. ಸುರುಳಿ ಸುರುಳಿಯಾದ ಅಲಂಕಾರದ ಅಕ್ಷರವು ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರಿಗೆ ಶೋಭಿಸಬಹುದು. ಅದೇ ಅಕ್ಷರದಲ್ಲಿ ಛತ್ರದ ವಿಳಾಸವನ್ನೂ ಮುಹೂರ್ತದ ವೇಳೆಯನ್ನೂ ಇಟ್ಟರೆ ಬಂಧುಗಳು ದಾರಿಯನ್ನು ಹುಡುಕುತ್ತ ಅಲೆಯಬೇಕಾಗುತ್ತದೆ. ದುಃಖದ ಪತ್ರದಲ್ಲಿ ಇಟ್ಟರೆ ಆ ಮನೆಯವರ ಮನಸ್ಸನ್ನು ನೋಯಿಸಿದಂತಾಗುತ್ತದೆ. ಇಂಥ ಪ್ರಯೋಗಗಳನ್ನು ಅನ್ಯರ ಕಾಗದದ ಮೇಲೆ ಮೊದಲ ಬಾರಿಗೆ ಮಾಡಬಾರದು. ಬಿಡುವಿನ ದಿನಗಳಲ್ಲಿ, ಯಾರಿಗೂ ಕೊಡಬೇಕಾಗಿಲ್ಲದ ಪತ್ರಗಳ ಮೇಲೆ, ಮೇಲೆ ಹೇಳಿದ ಊರ ಹೆಸರುಗಳ ಮೇಲೆ, ಮನೆಯವರ ಹೆಸರುಗಳ ಮೇಲೆ ಮಾಡಿ ಮುಗಿಸಿರಬೇಕು.

ಇಂಥ ಅಭ್ಯಾಸಕ್ಕೆ ಅನುಕೂಲವಾಗುವ ಒಂದು ಸಣ್ಣ ಏರ್ಪಾಟನ್ನು ಸೂಚಿಸಲು ಅಪ್ಪಣೆಯನ್ನು ಬೇಡುತ್ತೇನೆ. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಈಗ ಎಷ್ಟೋ ಊರುಗಳಲ್ಲಿವೆ. ಅಲ್ಲಿ ಒಂದು ಬೀರುವಿನ ಒಂದು ಅರೆಯನ್ನು ತೆರವುಮಾಡಿ, ಆ ಹೋಬಳಿಯಲ್ಲಿ ಅಚ್ಚಾದ ಲಗ್ನಪತ್ರಿಕೆ, ಕರಪತ್ರ, ನೋಟೀಸು, ಶಾಲೆಯ ಸಂಚಿಕೆ ಇವುಗಳ ಒಂದೊಂದು ಪ್ರತಿಯನ್ನು ಇಸವಿಯ ಕ್ರಮದಲ್ಲಿ ಕಡತಕ್ಕೆ ಸೇರಿಸುತ್ತ ಬರಬಹುದು. ಮೊಳೆಯ ಕಾಲದ ಹಳೆಯ ಪತ್ರಗಳು ಮನೆಮನೆಯ ಪೆಟ್ಟಿಗೆಗಳಲ್ಲಿ ಇನ್ನೂ ಇವೆ, ಕೇಳಿದರೆ ಜನರು ಕೊಡದಿರುವುದಿಲ್ಲ. ಗೌರಿಬಿದನೂರಿನ ಡಿ.ಟಿ.ಪಿ. ಅಂಗಡಿಗಳವರು ಅಚ್ಚು ಕೆಟ್ಟುಹೋದ ಹಾಳೆಗಳನ್ನು ಎಸೆಯುವುದರ ಬದಲು ಅಲ್ಲಿಗೆ ಕಳುಹಿಸಬಹುದು. ಒಂದೊಂದರ ಬೆನ್ನಿನ ಮೇಲೂ ಫಾಂಟಿನ ಹೆಸರನ್ನೂ ಗಾತ್ರವನ್ನೂ ಕಾಗದದ ಜಾತಿಯನ್ನೂ, ಓದಿದವರು ಎಲ್ಲಿ ತಡೆದರೆಂಬುದನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟರೆ, ಕಲಿಯಲು ಬಂದ ಹುಡುಗರೂ ಹುಡುಗಿಯರೂ ಮೇಜಿನ ಮೇಲೆ ಅವುಗಳನ್ನು ಹರಡಿಕೊಂಡು ನೋಡಬಹುದು. ಇದಕ್ಕೆ ಸರ್ಕಾರದ ಹಣವಾಗಲಿ ಹೊಸ ಕಟ್ಟಡವಾಗಲಿ ಬೇಕಾಗಿಲ್ಲ. ಕಡತದ ದಾರ, ರಟ್ಟು, ಮತ್ತು ವಾರಕ್ಕೊಮ್ಮೆ ಒಂದು ಗಂಟೆ ಕುಳಿತು ಅವುಗಳನ್ನು ಸೇರಿಸಬಲ್ಲ ಒಬ್ಬ ಉಪಾಧ್ಯಾಯರು ಇದ್ದರೆ ತೊಂಡೇಬಾವಿಯಲ್ಲಿಯೇ ಈ ವರ್ಷ ಇದನ್ನು ಪ್ರಾರಂಭಿಸಬಹುದು.